ಕ್ಯಾಮು, ಬಿದಿರು ಕಡ್ಡಿ ಮತ್ತು ಅಪ್ಪನ ಮೂರು ಸಲ

ನಮ್ಮಪ್ಪ ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತಾರೆ. ಗ್ಯಾಸಿನ ನಾಬು ಮೂರು ಸಲ. ಬಸ್ ಟಿಕೆಟ್ಟು ಜೇಬಿನಲ್ಲಿದೆಯಾ ಅಂತ ಮೂರು ಸಲ. ನಾನು ಚಿಕ್ಕವನಿದ್ದಾಗ ಸಿನಿಮಾಕ್ಕೆ ಹೊರಟರೆ ಅಮ್ಮ, ಅಕ್ಕ, ನಾನು ಗೇಟಿನ ಹೊರಗೆ ನಿಂತು ಕಾಯುತ್ತಿದ್ದೆವು, ಒಳಗೆ ಅಪ್ಪ ಬೀಗ ಜಗ್ಗುತ್ತಿದ್ದರು. ಹೆಸರು ತೋರಿಸುವಾಗಲೇ ಒಳಗೆ ಹೋಗಿ ಕೂತು ನೋಡಿದ ಸಿನಿಮಾ ನನ್ನ ಬಾಲ್ಯದಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಇದೊಂದು ಚಟ ಅಂತಲೇ ನಾನು ತಿಳಿದಿದ್ದೆ. ಅದು ಎಲ್ಲಿಂದ ಬಂತು ಅಂತ ಗೊತ್ತಾಗಿದ್ದು ಕಳೆದ ಬೇಸಿಗೆಯಲ್ಲಿ, ಮಿಶಿಗನ್ನಿನ ನಮ್ಮ ಮನೆಯ ಗ್ಯಾರೇಜಿನಲ್ಲಿ, ಒಂದು ಹಳೇ ಕಾರಿನ ಬಾನೆಟ್ಟಿನ ಕೆಳಗೆ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ. ಮಧ್ಯೆ ಸ್ವಲ್ಪ ಎಂಜಿನ್ ಪುರಾಣ ಬರುತ್ತೆ, ಸಹಿಸಿಕೊಳ್ಳಿ :)

ಕಾರು 1998ರ ಅಕ್ಯುರಾ ಇಂಟೆಗ್ರಾ ಜಿಎಸ್-ಆರ್. ಡೆಟ್ರಾಯಿಟ್ ಪಕ್ಕದಲ್ಲೇ ಇದ್ದುಕೊಂಡು, ಅಲ್ಲಿಯ ಕಾರು ಕಂಪನಿಗಳ ಅನ್ನ ತಿನ್ನುತ್ತ, ಜಪಾನಿನ ಹೋಂಡಾ ಇಟ್ಟುಕೊಂಡಿದ್ದಕ್ಕೆ ಆಫೀಸಿನಲ್ಲಿ ನಾನು ಕೇಳಿದ ಮಾತು ಅಷ್ಟಿಷ್ಟಲ್ಲ. ಇಲ್ಲಿಯ ಉಪ್ಪು ಹಾಕಿದ ಚಳಿಗಾಲದ ರಸ್ತೆಗಳು ಇಂಟೆಗ್ರಾದ ಹಿಂದಿನ ಚಕ್ರದ ಮೇಲಿನ ತಗಡನ್ನು ತಿಂದೇ ತಿನ್ನುತ್ತವೆ. ನನ್ನದನ್ನೂ ತಿಂದಿವೆ. ಆದರೆ ಎಂಜಿನ್ನು ಮಾತ್ರ ಗುಂಡುಕಲ್ಲು. 1.8 ಲೀಟರು, ನಾಲ್ಕು ಸಿಲಿಂಡರು, ಹದಿನಾರು ವಾಲ್ವು, 7600 ಆರ್‌ಪಿಎಂನಲ್ಲಿ 170 ಹಾರ್ಸ್ ಪವರ್. ಟರ್ಬೋ ಇಲ್ಲದ ಪುಟ್ಟ ಎಂಜಿನ್ನಿಗೆ ಆ ಕಾಲದಲ್ಲಿ ಇದು ದೊಡ್ಡ ಮಾತು.

ಇದಕ್ಕೆ ಬೇರೆ ಕ್ಯಾಮ್‌ಶಾಫ್ಟ್ ಹಾಕಬೇಕು ಅನ್ನೋ ಹುಚ್ಚು ನನಗೆ ಹಿಡಿದು ನಾಲ್ಕೈದು ವರ್ಷವಾಗಿತ್ತು.

ಕ್ಯಾಮ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ದಾವಣಗೆರೆಯ ಅಶೋಕ ಟಾಕೀಸನ್ನೇ ತಗೊಳ್ಳಿ. ಒಳಗೆ ಬರುವ ಬಾಗಿಲು ಒಂದು, ಹೊರಗೆ ಹೋಗುವ ಬಾಗಿಲು ಇನ್ನೊಂದು. ಎಂಜಿನ್ನಿನ ಸಿಲಿಂಡರಿಗೂ ಹಾಗೇ ಒಳ ವಾಲ್ವು, ಹೊರ ವಾಲ್ವು. ಆ ಬಾಗಿಲುಗಳನ್ನು ಯಾವಾಗ ತೆಗೆಯಬೇಕು, ಎಷ್ಟು ಅಗಲ ತೆಗೆಯಬೇಕು, ಎಷ್ಟು ಹೊತ್ತು ತೆಗೆದಿಡಬೇಕು ಅಂತ ತೀರ್ಮಾನ ಮಾಡುವ ಗೇಟ್‌ಕೀಪರೇ ಕ್ಯಾಮು. ಮೊಟ್ಟೆಯಾಕಾರದ ಉಬ್ಬುಗಳಿರುವ ಉದ್ದನೆಯ ಉಕ್ಕಿನ ದಂಡ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಇದು ಒಂದು ಸುತ್ತು. ಎಂಜಿನ್ 8000 ಆರ್‌ಪಿಎಂನಲ್ಲಿದ್ದರೆ ಒಂದೊಂದು ವಾಲ್ವೂ ನಿಮಿಷಕ್ಕೆ 4000 ಸಲ, ಅಂದರೆ ಸೆಕೆಂಡಿಗೆ ಅರವತ್ತಾರು ಸಲಕ್ಕಿಂತ ಹೆಚ್ಚು, ತೆಗೆದು ಮುಚ್ಚುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟು ಶೋ ಮುಗಿದಿರಬಹುದು ಲೆಕ್ಕ ಹಾಕಿ.

ಈಗ ಮ್ಯಾಟಿನಿ ಬಿಟ್ಟು ಫಸ್ಟ್ ಶೋ ಶುರುವಾಗುವ ಹೊತ್ತು ನೆನಪಿಸಿಕೊಳ್ಳಿ. ಎರಡೂ ಬಾಗಿಲು ಸ್ವಲ್ಪ ಹೊತ್ತು ಒಟ್ಟಿಗೇ ತೆಗೆದಿರುತ್ತವೆ. ಎಂಜಿನ್ ಭಾಷೆಯಲ್ಲಿ ಇದಕ್ಕೆ ಓವರ್‌ಲ್ಯಾಪ್ ಅಂತಾರೆ. ಜನ ಜೋರಾಗಿ ನುಗ್ಗುವಾಗ ಇದರಿಂದ ಲಾಭವೇ. ಹೊರಗೆ ಹೋಗುವ ಗುಂಪಿನ ಸೆಳೆತಕ್ಕೆ ಒಳಗೆ ಬರುವ ಗುಂಪೂ ಬೇಗ ಬರುತ್ತೆ. ಆದರೆ ಜನ ನಿಧಾನವಾಗಿ ಕಾಲೆಳೆದುಕೊಂಡು ಹೋಗುವಾಗ ಎರಡೂ ಬಾಗಿಲು ತೆಗೆದಿಟ್ಟರೆ? ಹೊರಗೆ ಹೋದವರೇ ಒಳಗೆ ಬರುತ್ತಾರೆ, ಟಿಕೆಟ್ ತಗೊಂಡವರು ಹಾಗೇ ಆಚೆ ಬಾಗಿಲಿಂದ ಹೋಗಿಬಿಡುತ್ತಾರೆ, ಒಟ್ಟು ಗಲಾಟೆ. ದೊಡ್ಡ ಕ್ಯಾಮ್ ಹಾಕಿದ ಕಾರುಗಳು ಸಿಗ್ನಲ್ಲಿನಲ್ಲಿ ನಿಂತಾಗ ಗುಡುಗುಡು ಅಂತ ನಡುಗುತ್ತ, ಪೆಟ್ರೋಲು ವಾಸನೆ ಹೊಡೆಯುತ್ತ ನಿಲ್ಲುವುದು ಇದಕ್ಕೇ.

ಹೋಂಡಾದವರ ಜಾಣತನ ಇರುವುದು ಇಲ್ಲೇ. 1989ರಲ್ಲಿ ಜಪಾನಿನ ಇಂಟೆಗ್ರಾದಲ್ಲಿ ಮೊದಲ ಸಲ ಬಂದ ವಿಟೆಕ್‌ನಲ್ಲಿ ಎರಡೆರಡು ವಾಲ್ವಿಗೆ ಮೂರು ಉಬ್ಬು. ಅಕ್ಕಪಕ್ಕದ ಎರಡು ಉಬ್ಬು ನಿಧಾನದ ಓಟಕ್ಕೆ. ನಡುವಿನ ದೊಡ್ಡ ಉಬ್ಬು ಜೋರಿನ ಓಟಕ್ಕೆ. ವೇಗ ಹೆಚ್ಚಾದಾಗ ಆಯಿಲ್ ಒತ್ತಡದಿಂದ ಪಿನ್ನುಗಳು ಸರಿದು ಮೂರು ರಾಕರ್‌ಗಳನ್ನು ಒಂದು ಮಾಡುತ್ತೆ. ಆಮೇಲೆ ನಡುವಿನ ಉಬ್ಬಿನದೇ ರಾಜ್ಯ. ಇಕುವೊ ಕಾಜಿತಾನಿ ಅನ್ನೋ ಎಂಜಿನಿಯರ್ ತಲೆಯಿಂದ ಬಂದ ಯೋಚನೆ. ಅಪ್ಪನಿಗೆ ಇದನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದಾಗ ಐದು ನಿಮಿಷ ನೋಡಿ, "ಹಗಲಿಗೊಬ್ಬ ಗೇಟ್‌ಕೀಪರ್ರು, ರಾತ್ರಿಗೊಬ್ಬ. ಎರಡೂ ಪಾಳಿ ಒಂದೇ ದಂಡದಾಗೆ ಇಟ್ಟಾರೆ. ಬೇಸಿ ಐತೆ ಬಿಡು" ಅಂದರು. ನಾನು ಮೂರು ಪುಟ ಓದಿ ಅರ್ಥ ಮಾಡಿಕೊಂಡಿದ್ದು ಅಷ್ಟೇ.

ಅಪ್ಪ ಮೂವತ್ತೈದು ವರ್ಷ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಕಳೆದ ಬೇಸಿಗೆಯಲ್ಲಿ ಆರು ತಿಂಗಳಿಗೆ ಅಂತ ಬಂದಿದ್ದರು. ಅಮ್ಮ ಹೋದ ಮೇಲೆ ಒಬ್ಬರೇ ಬಂದಿದ್ದು ಅದೇ ಮೊದಲು. ಮೊದಲ ಎರಡು ವಾರ ಕಿಟಕಿಯಿಂದ ರಸ್ತೆ ನೋಡುತ್ತ ಕೂತರು. ಇಲ್ಲಿಯ ರಸ್ತೆಯಲ್ಲಿ ನೋಡುವುದಕ್ಕೆ ಏನಿದೆ ಹೇಳಿ, ಒಂದು ನಾಯಿಯೂ ಒಂಟಿಯಾಗಿ ಓಡಾಡುವುದಿಲ್ಲ. ಒಂದು ದಿನ ನನ್ನ ಹೆಂಡತಿ, "ರೀ, ಮಾವನಿಗೆ ಏನಾದ್ರೂ ಕೆಲಸ ಕೊಡ್ರಿ, ಇಲ್ಲಾಂದ್ರೆ ಮುಂದಿನ ವಾರ ಟಿಕೆಟ್ ಮಾಡಿಸು ಅಂತಾರೆ" ಅಂದಳು. ನನ್ನ ಹುಚ್ಚಿಗೆ ಅಷ್ಟು ನೆಪ ಸಾಕಾಗಿತ್ತು.

ಆಯ್ಕೆ ಮಾಡುವಾಗಲೇ ಮೊದಲ ಜಗಳ. ಟೋಡಾ, ಜುನ್, ಕ್ರೋವರ್, ಸ್ಕಂಕ್2 ಅಂತ ಹತ್ತಾರು ಕಂಪನಿ, ಒಂದೊಂದರಲ್ಲೂ ಹಂತ ಒಂದು, ಎರಡು, ಮೂರು. ನನ್ನ ಕಣ್ಣು ಸಹಜವಾಗಿ ಮೂರನೇ ಹಂತದ ಮೇಲೆ. ಲಿಫ್ಟ್ ಹೆಚ್ಚು, ಅಂದರೆ ವಾಲ್ವು ಹೆಚ್ಚು ಕೆಳಗಿಳಿಯುತ್ತೆ. ಡ್ಯುರೇಶನ್ ಹೆಚ್ಚು, ಅಂದರೆ ಹೆಚ್ಚು ಹೊತ್ತು ತೆರೆದಿರುತ್ತೆ. ಹೊಸ ಸ್ಪ್ರಿಂಗು ಬೇಕು, ಕಂಪ್ರೆಶನ್ ಏರಿಸಬೇಕು, ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಜಾಗ ಅಳೆಯಬೇಕು, ಇಸಿಯು ಮತ್ತೆ ಟ್ಯೂನ್ ಮಾಡಿಸಬೇಕು. ಇರಲಿ, ಮಾಡೋಣ ಅಂತ ನಾನು.

ಅಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಈ ಗಾಡಿ ದಿನಾ ಯಾರು ಓಡ್ಸೋದು?"

ನಿಜ ಹೇಳಬೇಕೆಂದರೆ ವಾರದಲ್ಲಿ ನಾಲ್ಕು ದಿನ ಓಡಿಸುವುದು ನನ್ನ ಹೆಂಡತಿ. ಬೆಳಿಗ್ಗೆ ಆರಕ್ಕೆ, ಲ್ಯಾಬಿನ ಕೆಲಸಕ್ಕೆ. ಜನವರಿಯ ಹಿಮದಲ್ಲೂ.

"ಅಂದ್ರೆ ಆಕೆ ಸಿಗ್ನಲ್‌ನಾಗೆ ನಿಂತಾಗ ಗಾಡಿ ಬಂದ್ ಬೀಳಬಾರ್ದು. ಬ್ರೇಕ್ ಗಟ್ಟಿ ಆಗಬಾರ್ದು. ಮೇಲೆ ನಿಂದು ಏನಿದ್ರೂ ಮಾಡ್ಕ್ಯ."

ಬ್ರೇಕಿನ ಮಾತು ನನಗೆ ಹೊಳೆದೇ ಇರಲಿಲ್ಲ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ಎಳೆಯುವ ವ್ಯಾಕ್ಯೂಮಿನಿಂದ. ಓವರ್‌ಲ್ಯಾಪ್ ಹೆಚ್ಚಾದರೆ ಐಡಲಿನಲ್ಲಿ ಆ ವ್ಯಾಕ್ಯೂಮು ಕಡಿಮೆಯಾಗುತ್ತೆ. ಇಂಟೆಗ್ರಾದ ಇಸಿಯು ಪೆಟ್ರೋಲು ಎಷ್ಟು ಬಿಡಬೇಕು ಅಂತ ಲೆಕ್ಕ ಹಾಕುವುದೂ ಮ್ಯಾನಿಫೋಲ್ಡಿನ ಒತ್ತಡ ನೋಡಿಯೇ. ಗೇಟ್‌ಕೀಪರ್ ಗಲಾಟೆ ಮಾಡಿದರೆ ಗಲ್ಲಾಪೆಟ್ಟಿಗೆಯವನ ಲೆಕ್ಕವೂ ತಪ್ಪುತ್ತೆ.

ಕೊನೆಗೆ ತಗೊಂಡಿದ್ದು ಮೊದಲ ಹಂತದ ರಸ್ತೆ ಕ್ಯಾಮು. ಅಕ್ಕಪಕ್ಕದ ಉಬ್ಬುಗಳು ಹೆಚ್ಚುಕಡಿಮೆ ಮೊದಲಿನಂತೆಯೇ, ನಡುವಿನದು ಮಾತ್ರ ದೊಡ್ಡದು. ಮೆಲ್ಲಗೆ ಹೋಗುವಾಗ ಹಳೇ ಕಾರು, ಮೇಲೆ ಹೋದಾಗ ಹೊಸದು. ಇನ್ನೊಂದು ಲೆಕ್ಕವನ್ನೂ ನೋಡಿ. ಜಿಎಸ್-ಆರ್‌ನ ಟಾರ್ಕು 128 ಪೌಂಡ್-ಅಡಿ. ಅದರ ಅಣ್ಣ ಟೈಪ್ ಆರ್‌ನದು 130. ಬರೀ ಎರಡು ಹೆಚ್ಚು! ಆದರೆ ಪವರು 170ರ ಬದಲು 195. ಅದೇ ನೂಕುಬಲವನ್ನು ಇನ್ನಷ್ಟು ಮೇಲಿನ ಆರ್‌ಪಿಎಂವರೆಗೆ ಉಳಿಸಿಕೊಂಡಿದ್ದಕ್ಕೆ ಸಿಕ್ಕ ಲಾಭ ಅದು. ಕ್ಯಾಮು ಬಲ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಬಲದ ಜಾಗ ಬದಲಾಯಿಸುತ್ತೆ. (ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯರಿಗೆ ಒಂದು ಕಿವಿಮಾತು: ಅಲ್ಲಿ ಸರ್ಕಾರದ ವಿನಾಯಿತಿ ನಂಬರ್ ಇಲ್ಲದ ಕ್ಯಾಮು ರಸ್ತೆಗೆ ತರುವ ಹಾಗಿಲ್ಲ. ತಗೊಳ್ಳುವ ಮೊದಲೇ ನೋಡಿಕೊಳ್ಳಿ.)

ಒಂದು ಶನಿವಾರ ಬೆಳಿಗ್ಗೆ ಶುರು ಮಾಡಿದೆವು. ವಾಲ್ವ್ ಕವರ್ ತೆಗೆದು, ಬೆಲ್ಟಿನ ಟೆನ್ಶನರ್ ಸಡಿಲಿಸಿ, ಕ್ಯಾಮ್ ಗಾಲಿಗಳಿಂದ ಬೆಲ್ಟು ಜಾರಿಸಿದೆವು. ಕ್ಯಾಮಿನ ಮೇಲಿನ ಕ್ಯಾಪುಗಳ ಬೋಲ್ಟನ್ನು ಒಂದೇ ಸಲ ಬಿಚ್ಚುವ ಹಾಗಿಲ್ಲ. ಸ್ಪ್ರಿಂಗು ಕೆಳಗಿಂದ ತಳ್ಳುತ್ತಿರುತ್ತೆ, ಒಂದು ಕಡೆ ಮಾತ್ರ ಸಡಿಲಾದರೆ ಕ್ಯಾಮು ಬಾಗಬಹುದು, ಮುರಿಯಲೂಬಹುದು. ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬಂದೆವು. ಮೂರು ಮೂರು ರಾಕರ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಯಾವುದು ಎಲ್ಲಿಯದು ಅಂತ ಚೀಟಿ ಅಂಟಿಸಿ, ಸಾಲಾಗಿ ಪೇಪರಿನ ಮೇಲೆ ಜೋಡಿಸಿದ್ದು ಅಪ್ಪ. ಹೆಡ್ಡಿನಲ್ಲಿದ್ದ ಆಯಿಲ್ ಇಳಿಯುವ ತೂತುಗಳಿಗೆಲ್ಲ ಹಳೇ ಬನಿಯನ್ ಚೂರು ತುರುಕಿದ್ದೂ ಅವರೇ. "ಸಣ್ಣ ಸಾಮಾನು ಒಳಗೆ ಬಿತ್ತಂದ್ರೆ ಎಂಜಿನ್ ಇಳ್ಸಬೇಕು ನೋಡು."

ಸ್ಪ್ರಿಂಗ್ ಬದಲಾಯಿಸುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಹೆಡ್ಡು ಬಿಚ್ಚದೇ ಸ್ಪ್ರಿಂಗು ತೆಗೆದರೆ ವಾಲ್ವು ಸಿಲಿಂಡರಿನೊಳಗೆ ಬಿದ್ದುಬಿಡುತ್ತೆ. ಅದನ್ನು ಮೇಲೆ ಹಿಡಿದಿಡಲು ಸಿಲಿಂಡರಿಗೆ ಕಂಪ್ರೆಸರಿನಿಂದ ಗಾಳಿ ತುಂಬುವವರಿದ್ದಾರೆ. ನಮ್ಮಲ್ಲಿ ಕಂಪ್ರೆಸರ್ ಇರಲಿಲ್ಲ. ಅಪ್ಪ ನನ್ನ ಹೆಂಡತಿ ಬಟ್ಟೆ ಒಣಹಾಕಲು ತಂದಿದ್ದ ನೈಲಾನ್ ಹಗ್ಗ ಇಸಿದುಕೊಂಡು ಬಂದು, ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಮೊಳಗಟ್ಟಲೆ ಒಳಗೆ ತುರುಕಿ, ಪಿಸ್ಟನ್ ಮೇಲೇರಿಸಿದರು. ಹಗ್ಗದ ಉಂಡೆ ವಾಲ್ವನ್ನು ಕೆಳಗಿಂದ ಒತ್ತಿ ಹಿಡಿದುಕೊಂಡಿತು. ಹದಿನಾರು ವಾಲ್ವು, ವಾಲ್ವಿಗೆ ಎರಡರಂತೆ ಮೂವತ್ತೆರಡು ಲಾಕು, ಒಂದೊಂದೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಅಪ್ಪ ಚಹಾದ ತಟ್ಟೆಯಲ್ಲಿ ಅವನ್ನು ಇಟ್ಟುಕೊಂಡು ಮೂರು ಸಲ ಎಣಿಸಿದರು. ಎರಡು ಸಲ ಮೂವತ್ತೊಂದು, ಮೂರನೇ ಸಲ ಮೂವತ್ತೆರಡು. ಒಂದು ಅವರ ಹೆಬ್ಬೆರಳಿನ ಗ್ರೀಸಿಗೇ ಅಂಟಿಕೊಂಡಿತ್ತು.

ತೊಂದರೆ ಆಗಿದ್ದು ಮಧ್ಯಾಹ್ನ. ಊಟ ಮಾಡಿ ಅಪ್ಪ ಸ್ವಲ್ಪ ಅಡ್ಡಾದರು. ನನಗೆ ತಡೆಯಲಾಗಲಿಲ್ಲ. ಹೊಸ ಕ್ಯಾಮಿನ ಉಬ್ಬುಗಳಿಗೆ ಪೇಸ್ಟು ಬಳಿದು, ಕೂರಿಸಿ, ಕ್ಯಾಪುಗಳನ್ನು ನಡುವಿನಿಂದ ಹೊರಗಡೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿದೆ. ಹಗ್ಗದ ಕೆಲಸಕ್ಕೆ ಅಂತ ಕ್ರ್ಯಾಂಕನ್ನು ಆ ಕಡೆ ಈ ಕಡೆ ತಿರುಗಿಸಿದ್ದೆವಲ್ಲ, ಕ್ಯಾಮು ಇಡುವ ಮೊದಲು ಅದನ್ನು ಮತ್ತೆ ಮೊದಲ ಸಿಲಿಂಡರಿನ ಟಾಪ್ ಡೆಡ್ ಸೆಂಟರಿಗೆ ತಂದಿಟ್ಟಿದ್ದೆ. ಪುಲ್ಲಿಯ ಮೇಲೆ ಗುರುತು ನೋಡಿ. ಆಮೇಲೆ ಕ್ಯಾಮ್ ಗಾಲಿಗಳ ಗುರುತು ಎದುರುಬದುರು ಮಾಡಿ, ಬೆಲ್ಟು ಹಾಕಿ, ಬಿಗಿದು, ಬೆನ್ನು ಚಪ್ಪರಿಸಿಕೊಂಡೆ. ಎದ್ದು ಬಂದ ಅಪ್ಪನಿಗೆ, "ಆಯ್ತು, ಟ್ಯಾಪೆಟ್ ಹೊಂದಿಸಿ ಸ್ಟಾರ್ಟ್ ಮಾಡೋದೇ" ಅಂದೆ.

"ಪಿಸ್ಟನ್ ಮೇಲೈತೆ ಅಂತ ನೋಡಿದ್ಯಾ?"

"ಗುರುತು ನೋಡಿದೀನಪ್ಪಾ."

"ಗುರುತು ಕೇಳ್ಲಿಲ್ಲ. ಪಿಸ್ಟನ್ ಕೇಳ್ದೆ."

ನನಗೆ ಸಿಟ್ಟು ಬಂತು. ಶುರುವಾಯ್ತು ಬೀಗ ಜಗ್ಗೋದು ಅಂದುಕೊಂಡೆ. ಅವರು ಅಡುಗೆಮನೆಗೆ ಹೋಗಿ ಬಾರ್ಬೆಕ್ಯೂಗೆ ಅಂತ ತಂದಿಟ್ಟಿದ್ದ ಉದ್ದನೆಯ ಬಿದಿರು ಕಡ್ಡಿ ತಂದು, ಮೊದಲ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಇಳಿಬಿಟ್ಟು, ಎರಡು ಬೆರಳಲ್ಲಿ ಹಗುರಾಗಿ ಹಿಡಿದುಕೊಂಡರು. "ಈಗ ಮೆಲ್ಲಗೆ ತಿರುಗ್ಸು. ಒಂದು ಚೂರು." ಈ ಹೋಂಡಾ ಎಂಜಿನ್ನು ಬೇರೆಯವುಗಳ ಹಾಗಲ್ಲ, ಅಪ್ರದಕ್ಷಿಣೆ ತಿರುಗುತ್ತೆ. ಅಪ್ಪನಿಗೆ ಬೆಳಿಗ್ಗೆಯಿಂದ ಅದೊಂದು ತಮಾಷೆ. ನಾನು ರ‍್ಯಾಚೆಟ್ಟನ್ನು ಎಡಕ್ಕೆ ತಿರುಗಿಸಿದೆ.

ಕಡ್ಡಿ ಮೇಲೆ ಬಂತು.

ಪಿಸ್ಟನ್ ನಿಜಕ್ಕೂ ತುದಿಯಲ್ಲಿದ್ದಿದ್ದರೆ ಯಾವ ಕಡೆ ತಿರುಗಿಸಿದರೂ ಕಡ್ಡಿ ಕೆಳಗೇ ಇಳಿಯಬೇಕು. ಮೇಲೆ ಬಂತೆಂದರೆ ಪಿಸ್ಟನ್ ಇನ್ನೂ ದಾರಿಯಲ್ಲಿದೆ ಅಂತ. ಟಾರ್ಚು ಹಿಡಿದು, ಪುಲ್ಲಿ ಒರೆಸಿ ನೋಡಿದೆ. ಅದರ ಮೇಲೆ ಎರಡು ಜಾಗದಲ್ಲಿ ಗುರುತು. ಒಂಟಿಯಾಗಿರುವ ಬಿಳಿ ಗೆರೆ ಟಾಪ್ ಡೆಡ್ ಸೆಂಟರಿನದು. ಮೂರು ಗೆರೆಗಳ ನಡುವಿನ ಕೆಂಪು ಗೆರೆ ಕಿಡಿಯ ಟೈಮಿಂಗಿಗೆ, ಅಂದರೆ 16 ಡಿಗ್ರಿ ಮುಂಚಿನದು. ಇಪ್ಪತ್ತೈದು ವರ್ಷಕ್ಕಿಂತ ಹಳೆಯ ತುಕ್ಕು, ಜಿಡ್ಡಿನಲ್ಲಿ ಬಿಳಿಯೂ ಇಲ್ಲ ಕೆಂಪೂ ಇಲ್ಲ. ನಾನು ಹಿಡಿದಿದ್ದು ಕೆಂಪು ಗೆರೆಯನ್ನು. ಕ್ಯಾಮುಗಳು 16 ಡಿಗ್ರಿ ಮುಂದೆ ಓಡುತ್ತಿದ್ದವು. ಒಳ ವಾಲ್ವು ಬೇಗ ಕೆಳಗಿಳಿಯುತ್ತಿತ್ತು, ಪಿಸ್ಟನ್ ಇನ್ನೂ ಮೇಲೇ ಇರುವಾಗ. ಐಡಲಿನಲ್ಲಿ ಬಹುಶಃ ಏನೂ ಆಗುತ್ತಿರಲಿಲ್ಲ. ಸ್ವಲ್ಪ ಒರಟಾಗಿ ಓಡುತ್ತಿತ್ತು, ಹೊಸ ಕ್ಯಾಮ್ ಅಲ್ವಾ ಹಾಗೇ ಇರುತ್ತೆ ಅಂತ ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಒಂದು ದಿನ ಹೆದ್ದಾರಿ ಸೇರುವಾಗ ಜೋರಾಗಿ ಒತ್ತಿದಾಗ, ನಡುವಿನ ದೊಡ್ಡ ಉಬ್ಬು ಕೆಲಸಕ್ಕೆ ಬಂದಾಗ, ವಾಲ್ವು ಪಿಸ್ಟನ್ನಿಗೆ ಬಡಿಯಬಹುದಿತ್ತು. ಆಗ ಸ್ಟೀರಿಂಗ್ ಹಿಡಿದಿರುವವರು ಯಾರು ಅಂತ ಯೋಚಿಸಿ ನನಗೆ ಕೈಕಾಲು ತಣ್ಣಗಾಯಿತು.

ಅಪ್ಪ ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಕಡ್ಡಿ ಒರೆಸುತ್ತ ಕೂತರು. ಬಹಳ ಹೊತ್ತಾದ ಮೇಲೆ ಅವರೇ ಮಾತು ತೆಗೆದರು.

ನಾನು ಹುಟ್ಟುವ ಮೊದಲಿನ ಮಾತು. ಮೆಕ್ಕೆಜೋಳದ ಸುಗ್ಗಿ ಕಾಲ. ಲಾರಿ ಮಾಲೀಕ ಎದುರಿಗೇ ನಿಂತು ಅರ್ಜೆಂಟು ಮಾಡುತ್ತಿದ್ದ. ಟೈಮಿಂಗ್ ಗೇರು ಕೂರಿಸಿದ್ದು ಅಪ್ಪ. ಗುರುತು ಸರಿಯಿದೆ ಅಂದುಕೊಂಡು, ಕೈಯಲ್ಲಿ ಎರಡು ಸುತ್ತು ತಿರುಗಿಸಿಯೂ ನೋಡದೆ ಸ್ಟಾರ್ಟ್ ಮಾಡಿಸಿದರು. ಒಂದೇ ಶಬ್ದ. ಪುಶ್‌ರಾಡು, ವಾಲ್ವು ಎಲ್ಲ ಸೊಟ್ಟ. ಗ್ಯಾರೇಜಿನ ಸಾಹುಕಾರ ಓಡಿ ಬಂದು ಯಾರು ಗೇರು ಹಾಕಿದ್ದು ಅಂತ ಕೂಗಿದಾಗ, ಪಕ್ಕದಲ್ಲಿ ಪಾನಾ ಹಿಡಿದು ನಿಂತಿದ್ದು ಕೆಲಸ ಕಲಿಯಲು ಬಂದಿದ್ದ ಹುಡುಗ. ಹದಿಮೂರೋ ಹದಿನಾಲ್ಕೋ ವರ್ಷ.

"ನಾನು ಆ ಹುಡುಗನ ಹೆಸ್ರು ಹೇಳ್ಲಿಲ್ಲಲೇ," ಅಂದರು ಅಪ್ಪ. "ಆದ್ರೆ ನಾನು ಹಾಕಿದ್ದು ಅಂತಾನೂ ಹೇಳ್ಲಿಲ್ಲ. ಸುಮ್ನೆ ನಿಂತೆ. ಸಾಹುಕಾರ ಅವ್ನನ್ನೇ ಹಿಡ್ಕಂಡು ಹೊಡ್ದ. ಆ ವಾರದ ದುಡ್ಡೂ ಕೊಡದಂಗೆ ಓಡ್ಸಿದ. ಆ ಹುಡುಗ ಒಂದು ಮಾತಾಡ್ಲಿಲ್ಲ, ನನ್ನ ಕಡೆ ನೋಡ್ತಾ ಹೋದ. ಅವಾಗ ನಿಮ್ಮಕ್ಕ ಹೊಟ್ಟೆಯಾಗಿದ್ಲು. ನನಗೆ ಕೆಲ್ಸ ಬೇಕಾಗಿತ್ತು."

ಗ್ಯಾರೇಜಿನ ಫ್ರಿಜ್ಜು ಗುಂಯ್ ಅನ್ನುವುದು ಬಿಟ್ಟರೆ ಬೇರೆ ಶಬ್ದ ಇರಲಿಲ್ಲ. ನಾನು ಏನು ಹೇಳಬೇಕಿತ್ತು? "ಹೋಗ್ಲಿ ಬಿಡಪ್ಪಾ, ಎಷ್ಟೋ ವರ್ಷ ಆಯ್ತು" ಅನ್ನೋ ಮಾತು ಬಾಯಿಗೆ ಬಂದಿತ್ತು. ಆಡಲಿಲ್ಲ. ಅಮ್ಮನಿಗೆ ಗೊತ್ತಿತ್ತಾ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದರು.

ಆಮೇಲೆ ಎದ್ದು, "ಬೆಲ್ಟ್ ಬಿಚ್ಚು" ಅಂದರು.

ಮತ್ತೆ ಬಿಚ್ಚಿದೆವು. ಕಡ್ಡಿಯಿಟ್ಟು ಪಿಸ್ಟನ್ನಿನ ತುದಿ ಹಿಡಿದು, ಬಿಳಿ ಗೆರೆಗೆ ಹೊಸದಾಗಿ ಬಣ್ಣ ಹಚ್ಚಿ, ಬೆಲ್ಟು ಹಾಕಿದೆವು. ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತು ನೋಡಿದೆವು. ಇನ್ನೊಮ್ಮೆ. ಇನ್ನೂ ಒಮ್ಮೆ. ಈ ಸಲ ಮೂರನೇ ಸಲ ನೋಡೋಣ ಅಂದಿದ್ದು ನಾನು.

ಟ್ಯಾಪೆಟ್ ಪೂರ್ತಿ ಅಪ್ಪನದೇ. ಕಣ್ಣಿನ ಪೊರೆ ತೆಗೆಸಿದ ಮೇಲೂ ಅವರಿಗೆ ಫೀಲರ್ ಗೇಜಿನ ಅಂಕಿ ಕಾಣುವುದಿಲ್ಲ. ಹಳೇ ಕ್ಯಾಮಿಗೆ ಹೋಂಡಾ ಹೇಳಿದ್ದು ಒಳ ವಾಲ್ವಿಗೆ 0.15ರಿಂದ 0.19 ಮಿ.ಮೀ., ಹೊರ ವಾಲ್ವಿಗೆ 0.17ರಿಂದ 0.21, ಎಂಜಿನ್ ತಣ್ಣಗಿರುವಾಗ. ಹೊಸದಕ್ಕೆ ಡಬ್ಬಿಯಲ್ಲಿದ್ದ ಕಾರ್ಡಿನ ಅಳತೆ. ನಾನು ಎಲೆ ಆರಿಸಿ ಕೊಡುವುದು, ಅವರು ಒಳಗೆ ತೂರಿಸಿ ಎಳೆದು ನೋಡುವುದು. "ಬೆಣ್ಣೆಯಾಗಿಂದ ಚಾಕು ಎಳ್ದಂಗೆ ಬರಬೇಕು, ಬರಬಾರ್ದು ಅನ್ನಂಗೂ ಇರಬೇಕು." ಹದಿನಾರನ್ನೂ ನಾನು ಆಮೇಲೆ ಅಳೆದೆ. ಒಂದೂ ತಪ್ಪಿರಲಿಲ್ಲ.

ಭಾನುವಾರ ಸ್ಟಾರ್ಟ್ ಮಾಡಿದೆವು. ಹೊಸ ಕ್ಯಾಮು ಮತ್ತು ರಾಕರ್ ಒಂದಕ್ಕೊಂದು ಹೊಂದಿಕೊಳ್ಳಲಿ ಅಂತ ಮೊದಲ ಇಪ್ಪತ್ತು ನಿಮಿಷ ಸುಮಾರು 2000 ಆರ್‌ಪಿಎಂನಲ್ಲಿ ಬಿಡಬೇಕು. ಐಡಲಿನಲ್ಲಿ ಬಿಟ್ಟರೆ ಆಯಿಲ್ ಸಾಕಾಗದೆ ಉಬ್ಬುಗಳು ಸವೆಯಬಹುದು. ಇಪ್ಪತ್ತು ನಿಮಿಷವೂ ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟುಕೊಂಡು, ತುದಿಯನ್ನು ಎಂಜಿನ್ನಿಗೆ ತಾಗಿಸಿ, ಡಾಕ್ಟರ ಹಾಗೆ ನಿಂತಿದ್ದರು. ಆಮೇಲಿನ ವಾರ ಡೈನೋಗೆ ಒಯ್ದು ಇಸಿಯು ಟ್ಯೂನ್ ಮಾಡಿಸಿದೆ. ಚಕ್ರದ ಹತ್ತಿರ 11 ಹಾರ್ಸ್ ಪವರ್ ಹೆಚ್ಚು. ಎರಡು ದಿನದ ಕೆಲಸ, ಕೈಗೆ ನಾಲ್ಕು ಗಾಯ, ಬ್ಯಾಂಕಿಗೆ ಒಂದು ದೊಡ್ಡ ಗಾಯ, ಸಿಕ್ಕಿದ್ದು 11 ಕುದುರೆ. ಗೆಳೆಯರು ನಗುತ್ತಾರೆ. ನಗಲಿ. ನನ್ನ ಹೆಂಡತಿ ಒಂದು ವಾರ ಓಡಿಸಿ, "ಏನೂ ವ್ಯತ್ಯಾಸ ಗೊತ್ತಾಗ್ಲಿಲ್ಲಪ್ಪ" ಅಂದಳು. ಅಪ್ಪನಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಅಪ್ಪ ಅಕ್ಟೋಬರಿನಲ್ಲಿ ಊರಿಗೆ ಹೋದರು. ಮೊನ್ನೆ ಫೋನಿನಲ್ಲಿ ಬೆಲ್ಟಿನ ವಿಚಾರ, ಆಯಿಲ್ ವಿಚಾರ ಎಲ್ಲ ಕೇಳಿ, ಇಡುವ ಮೊದಲು, "ಆ ಹುಡುಗನ್ನ ವಿಚಾರ್ಸಿದೆ ಕಣಪ್ಪಾ" ಅಂದರು. ಹಳೇ ಗ್ಯಾರೇಜಿದ್ದ ಜಾಗದಲ್ಲಿ ಈಗ ಕಾಂಪ್ಲೆಕ್ಸ್ ಆಗಿದೆಯಂತೆ. ಲಾರಿ ಕೆಲಸದ ಹಳಬರು ಇಬ್ಬರು ಮೂವರನ್ನು ಕೇಳಿದರಂತೆ. ಹರಿಹರದ ಕಡೆಯವನು ಅಂತ ಒಬ್ಬರು, ಅಲ್ಲ ಚನ್ನಗಿರಿ ಅಂತ ಇನ್ನೊಬ್ಬರು. ಹುಡುಗ ಅಂತಲೇ ಹೇಳುತ್ತಾರೆ ಅಪ್ಪ. ಅವನಿಗೂ ಈಗ ಐವತ್ತು ದಾಟಿರಬೇಕು.

"ಹರಿಹರಕ್ಕೆ ಒಂದ್ಸಲ ಹೋಗಿ ಬರ್ತೀನಿ" ಅಂದರು. ಹೋಗಿ ಬನ್ನಿ ಅಂದೆ.

ಬಿದಿರು ಕಡ್ಡಿ ನನ್ನ ಟೂಲ್ ಬಾಕ್ಸಿನಲ್ಲಿದೆ. ನಿನ್ನೆ ರಾತ್ರಿ ಗ್ಯಾರೇಜಿನ ಬಾಗಿಲು ಹಾಕಿ, ಹಿಡಿ ಜಗ್ಗಿ ನೋಡಿದೆ. ಎಷ್ಟು ಸಲ ಅಂತ ಹೇಳುವುದಿಲ್ಲ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಯಾಕೆ ಅಂತ ಒಂದು ಸಲ ಕೇಳಿ ನೋಡಿ.